ಮರೆಗುಳಿ ಅನ್ನಿಸಿಕೊಂಡ ಅಜ್ಜ

ಪ್ಲಿಮತ್‌ನಲ್ಲಿ ಶನಿವಾರ ಬೆಳಿಗ್ಗೆ ನಡೆಯುವ ಸಂತೆಯಿಂದ ಒಂದು ಕಟ್ಟು ರೂಬಾರ್ಬ್ ತಂದಿದ್ದೆ. ಹೆಬ್ಬೆರಳಿನಷ್ಟು ದಪ್ಪದ ಕೆಂಪು ದೇಟುಗಳು. ಅಮೆರಿಕದ ಕ್ಯಾಂಟನ್‌ನ ನಮ್ಮ ಅಡುಗೆಮನೆಯ ಸಿಂಕಿನಲ್ಲಿ ತೊಳೆದು ಮೊದಲನೆಯದಕ್ಕೆ ಚಾಕು ಹಾಕಿದ್ದೇ ತಡ, ಆ ವಾಸನೆ ಎದ್ದಿತು. ಹಸಿ ಹುಳಿ, ಅದರ ಹಿಂದೆ ಸ್ವಲ್ಪ ಒದ್ದೆ ಮಣ್ಣು... ಬಾಯಲ್ಲಿ ನೀರೂರಿತು.

ಅವ್ವ ಟೇಬಲ್ಲಿನ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ಆರು ತಿಂಗಳು ಡೌನರ್ಸ್ ಗ್ರೋವ್‌ನಲ್ಲಿ ನನ್ನ ತಮ್ಮನ ಮನೆ, ಆರು ತಿಂಗಳು ನಮ್ಮ ಮನೆ ಅಂತ ಓಡಾಡಿಕೊಂಡಿದ್ದಾಳೆ. ಕಣ್ಣು ಮಂಜಾಗಿದೆ, ಮೂಗು ಮಾತ್ರ ಚುರುಕು. ತಲೆ ಎತ್ತದೆಯೇ, "ಬಂತು ನೋಡು, ಆ ಮರೆಗುಳಿ ಅಜ್ಜಂದು" ಅಂದಳು.

"ಹೂ ಇಸ್ ಮರೆಗುಳಿ ಅಜ್ಜ?" ಅಂತ ನನ್ನ ಮಗಳು ಕೇಳಿದಳು. ಎಂಟು ವರ್ಷ ಅವಳಿಗೆ. ಅಜ್ಜಿ ಕನ್ನಡದಲ್ಲಿ ಕೇಳುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಇಬ್ಬರಿಗೂ ಏನೂ ತೊಡಕಿಲ್ಲದೆ ನಡೆದುಕೊಂಡು ಹೋಗುತ್ತದೆ. ಅವ್ವ ಕತೆಯನ್ನು ನಾಲ್ಕೇ ಮಾತಿನಲ್ಲಿ ಮುಗಿಸಿದಳು. ಇಂಗ್ಲೆಂಡಿನಲ್ಲಿ ಪಕ್ಕದ ಮನೆಯ ಅಜ್ಜ ಸೊಪ್ಪು ತಂದು ಕೊಟ್ಟ, ಎಲೆ ವಿಷ ಅಂತ ಹೇಳುವುದನ್ನು ಮರೆತ, ನಿಮ್ಮ ಅಮ್ಮ ತಿಂದು ಆಸ್ಪತ್ರೆ ಸೇರಿದಳು.

"ಹಿ ಆಲ್ಮೋಸ್ಟ್ ಕಿಲ್ಡ್ ಯೂ, ಮಾಮ್? ದಟ್ಸ್ ಟೆರಿಬಲ್. ಐ ಹೇಟ್ ಹಿಮ್."

ನನ್ನ ಕೈ ನಿಂತಿತು. ಅಜ್ಜ ಮರೆಗುಳಿ ಆಗಿರಲಿಲ್ಲ. ಅದು ಗೊತ್ತಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ. ಮೂವತ್ತು ವರ್ಷಕ್ಕೂ ಮೇಲೆ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ನಾನು ಬೆಳೆದದ್ದು ಯಾರ್ಕ್‌ಶೈರ್‌ನ ಒಂದು ಉಣ್ಣೆ ಗಿರಣಿ ಊರಿನಲ್ಲಿ. ಅಪ್ಪ ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿದ್ದರು. ವಿಜಾಪುರದ ಕಡೆಯ ಹಳ್ಳಿಯಿಂದ ಅವ್ವನೂ ನಾನೂ ಅಲ್ಲಿಗೆ ಹೋಗಿ ಇಳಿದಾಗ ನನಗೆ ನಾಲ್ಕು ವರ್ಷ. ಹದಿನೈದು ತುಂಬಿದ ಮೇಲೆ ಎಲ್ಲರೂ ವಾಪಸ್ ಬಂದು ಧಾರವಾಡದಲ್ಲಿ ನೆಲೆಸಿದೆವು, ಓದಿದ್ದು, ಮದುವೆ ಆದದ್ದು ಅಲ್ಲೇ. ತೊಂಬತ್ತರ ದಶಕದ ಕೊನೆಗೆ ಗಂಡನ ಕಾರು ಕಂಪನಿ ಕೆಲಸದ ಬೆನ್ನು ಹತ್ತಿ ಇಲ್ಲಿಗೆ ಬಂದದ್ದು. ಯಾರಾದರೂ "ನಿಮ್ಮೂರು ಯಾವುದು" ಅಂದರೆ ಬಾಯಿ ಧಾರವಾಡ ಅನ್ನುತ್ತದೆ. ಆದರೆ ನಿದ್ದೆಗಣ್ಣಿನಲ್ಲಿ ನಾನು ಹತ್ತುವುದು ಆ ಗಿರಣಿ ಊರಿನ ಏರು ಬೀದಿಯನ್ನೇ. ಹೊಗೆ ಕುಡಿದು ಕಪ್ಪಾದ ಕಲ್ಲಿನ ಮನೆಗಳು, ಸೋಮವಾರ ಹಿಂದಿನ ಓಣಿಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಬಾಗಿಲಲ್ಲಿಟ್ಟ ಹಾಲಿನ ಬಾಟಲಿಯ ಮುಚ್ಚಳವನ್ನು ಕುಕ್ಕಿ ಕೆನೆ ಕುಡಿದು ಹೋಗುವ ಗುಬ್ಬಿಗಾತ್ರದ ಹಕ್ಕಿಗಳು. ಅಲ್ಲಿ ಎಲ್ಲರೂ ಎಲ್ಲರನ್ನೂ 'ಲವ್' ಅಂತಲೇ ಕರೆಯುತ್ತಿದ್ದರು. ಬಸ್ ಕಂಡಕ್ಟರ್ ಮೊದಲ ಸಲ ಅವ್ವನನ್ನು ಹಾಗೆ ಕರೆದ ದಿನ ಅವ್ವ ಮುಂದಿನ ಸ್ಟಾಪಿನಲ್ಲೇ ನನ್ನನ್ನು ಎಳೆದುಕೊಂಡು ಇಳಿದಿದ್ದಳು. ಮಳೆಯಲ್ಲಿ ಎರಡು ಮೈಲಿ ನಡೆದು ಮನೆ ಸೇರಿದೆವು.

ಅಜ್ಜನದು ಪಕ್ಕದ ಮನೆ. ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು. ಅವನು ಕೆಮ್ಮಿದರೆ ನಮಗೆ ಕೇಳುತ್ತಿತ್ತು, ಅವ್ವ ಒಗ್ಗರಣೆ ಹಾಕಿದರೆ ಅವನು ಸೀನುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನಲವತ್ತು ವರ್ಷ ಗಿರಣಿಯ ಮಗ್ಗಗಳ ಗದ್ದಲದಲ್ಲಿ ನಿಂತು ಅರ್ಧ ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದ. ಅವ್ವನ ತುಟಿಯನ್ನು ನೋಡಿ ನೋಡಿ ಸೋತು ಕೊನೆಗೆ ನನ್ನ ಕಡೆ ತಿರುಗುತ್ತಿದ್ದ. ಅವ್ವನಿಗೆ ಆಗ ಬರುತ್ತಿದ್ದ ಇಂಗ್ಲಿಷ್ 'ಥ್ಯಾಂಕ್ಯೂ' ಮತ್ತು 'ನೋ' ಎರಡೇ. ಹಿತ್ತಲಿನ ಮೋಟುಗೋಡೆಯ ಹತ್ತಿರ ನಿಂತು ಅವನ ಮಾತನ್ನು ಇವಳಿಗೆ, ಇವಳ ಮಾತನ್ನು ಅವನಿಗೆ ದಾಟಿಸುವುದು ನನ್ನ ಕೆಲಸ. ಐದಾರು ವರ್ಷಕ್ಕೇ ನಾನು ದೊಡ್ಡ ದುಭಾಷಿ. ಆ ಗತ್ತು ಬೇರೆ ಇತ್ತು ನನಗೆ.

ಊರಾಚೆ, ರೈಲು ಹಳಿಯ ಪಕ್ಕ, ಜನರಿಗೆ ತರಕಾರಿ ಬೆಳೆದುಕೊಳ್ಳಲು ಮುನಿಸಿಪಾಲಿಟಿಯವರು ಹಂಚಿಕೊಟ್ಟ ತುಂಡು ಹೊಲಗಳಿದ್ದವು. ಅಜ್ಜನದೂ ಒಂದು ತುಂಡಿತ್ತು. ಶನಿವಾರ ಬೆಳಿಗ್ಗೆ ನನ್ನನ್ನು ಒಂಟಿಗಾಲಿಯ ಕೈಗಾಡಿಯಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೊರಡುತ್ತಿದ್ದ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಟೋಪಿ ಎತ್ತುವುದು, "ರಾಣಿಯವರ ಸವಾರಿ" ಅನ್ನುವುದು. ಹಳೇ ಬಾಗಿಲುಗಳನ್ನು ಸೇರಿಸಿ ಕಟ್ಟಿದ ಅವನ ಗುಡಿಸಲಿಗೆ ನಾಲ್ಕೂ ಕಡೆ ನಾಲ್ಕು ಬಣ್ಣ, ಒಂದು ಬಾಗಿಲಿಗೆ ಇನ್ನೂ ಮನೆ ನಂಬರು ಇತ್ತು. ಚಳಿಗಾಲದ ಕೊನೆಗೆ ರೂಬಾರ್ಬ್ ಗಿಡಗಳ ಮೇಲೆ ತೂತುಬಿದ್ದ ಬಕೆಟ್‌ಗಳನ್ನು ಬೋರಲು ಹಾಕಿರುತ್ತಿದ್ದ, ಕತ್ತಲಲ್ಲಿ ಬೆಳೆದರೆ ದೇಟು ಎಳೆಯದಾಗಿ, ಕೆಂಪಾಗಿ ಬರುತ್ತದೆ ಅಂತ. ಬಕೆಟ್ ಎತ್ತುವ ಹಕ್ಕು ನನ್ನದು. ಎತ್ತಿದರೆ ಒಳಗೆ ನೆಟ್ಟಗೆ ನಿಂತ ಗುಲಾಬಿ ದೇಟುಗಳು. ಒಂದನ್ನು ಮುರಿದು, ಮೇಲಿನ ಎಲೆ ಕಿತ್ತು ದೂರ ಎಸೆದು, ಜೇಬಿನಿಂದ ಸಕ್ಕರೆಯ ಪೊಟ್ಟಣ ತೆಗೆದು ಅದ್ದಿ ಕೊಡುತ್ತಿದ್ದ. ಹಲ್ಲು ಚಳಿತುಹೋಗುವಷ್ಟು ಹುಳಿ... ಆ ಸುಖ ಆಮೇಲೆ ಯಾವ ಹಣ್ಣಿನಲ್ಲೂ ಸಿಕ್ಕಿಲ್ಲ.

ನನಗೆ ಏಳು ವರ್ಷದ ಆ ವಸಂತದಲ್ಲಿ ಅಜ್ಜ ಮೊದಲ ಸಲ ಅವ್ವನಿಗೂ ರೂಬಾರ್ಬ್ ಕೊಟ್ಟ. ಅವತ್ತೂ ಶನಿವಾರ. ಹೊಲದಿಂದ ಬಂದವರು ಹಿತ್ತಲ ಗೋಡೆಯ ಹತ್ತಿರ ನಿಂತಿದ್ದೆವು. ಎಲೆಸಮೇತ ಒಂದು ತೋಳ್ತುಂಬ ದೇಟನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಕೊಡುವ ಮೊದಲು ಒಂದು ದೇಟನ್ನು ಎತ್ತಿ ತೋರಿಸಿ ಹೇಳಿದ, "ಇದು ತಿನ್ನುವುದು. ಈ ಎಲೆ ವಿಷ, ಎಸೆದುಬಿಡಬೇಕು. ಅಮ್ಮನಿಗೆ ಹೇಳು. ಏನು ಹೇಳುತ್ತೀ, ನನಗೊಮ್ಮೆ ಹೇಳು ನೋಡೋಣ."

ನಾನು ಹೇಳಿದೆ, ತಪ್ಪಿಲ್ಲದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದು, ಸರಿ ಅಂತ ತಲೆಯಾಡಿಸಿದ.

ಹಿತ್ತಲ ಬಾಗಿಲಿನಿಂದ ಒಳಗೆ ಹತ್ತು ಹೆಜ್ಜೆ ಇರಬಹುದು. ಒಳಗೆ ಟಿ.ವಿ.ಯಲ್ಲಿ ನನ್ನ ಕಾರ್ಟೂನ್ ಶುರುವಾಗಿತ್ತು, ಆ ಹಾಡು ಕೇಳಿಸುತ್ತಿತ್ತು. ಕಟ್ಟನ್ನು ಅವ್ವನ ಮುಂದೆ ಇಳಿಸಿ, "ಅಜ್ಜ ಕೊಟ್ಟಾನ, ಹುಳಿ ಇರ್ತದಂತ" ಅಂದೆ, ಓಡಿದೆ. ಇಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನನ್ನದು ಆಡದೆ ಹೋದ ಮಾತು.

ಹುಳಿ ಅಂದದ್ದೇ ಸಾಕಾಯಿತು ಅವ್ವನಿಗೆ. ಎಲೆಯ ಅಂಚು ಚೂರು ಹರಿದು ನಾಲಿಗೆಯ ಮೇಲಿಟ್ಟುಕೊಂಡಳು. ಮೂರು ವರ್ಷದಿಂದ ಪುಂಡಿ ಪಲ್ಯ ಕಾಣದ ನಾಲಿಗೆ ಅದು. ನಮ್ಮ ಕಡೆ ಪುಂಡಿಸೊಪ್ಪಿನ ಎಲೆ ಬಿಡಿಸಿಕೊಂಡು ದಂಟು ಎಸೆಯುತ್ತಾರೆ, ದಂಟು ತಿನ್ನುವವರನ್ನು ಯಾರೂ ಕಂಡಿಲ್ಲ. ಅವ್ವ ಅದನ್ನೇ ಮಾಡಿದಳು. ಎಲೆಗಳನ್ನೆಲ್ಲ ಸಣ್ಣಗೆ ಹೆಚ್ಚಿ, ಬೇಳೆ ಹಾಕಿ, ಜೋಳದ ನುಚ್ಚು ಸಿಗದ್ದಕ್ಕೆ ಅಕ್ಕಿಯನ್ನೇ ಒಡೆದು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಕೆಂಪು ದೇಟುಗಳನ್ನು ಹಿತ್ತಲಿನ ಕಸದ ಡಬ್ಬಿಗೆ ಸುರಿದಳು. ಅಡುಗೆ ಮಾಡುತ್ತ ಅವಳು ಹಾಡಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ. ಆ ಮನೆಯಲ್ಲಿ ಅವಳು ಹಾಡಿದ್ದನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ.

ಮೊದಲ ತಟ್ಟೆ ನನಗೇ. ಟಿ.ವಿ. ಮುಂದೆ ಕೂತು ನಾಲ್ಕೈದು ತುತ್ತು ತಿಂದಿದ್ದೆ, ಹಿತ್ತಲ ಬಾಗಿಲು ದಡಾರನೆ ತೆರೆಯಿತು. ಅಜ್ಜ ಒಲೆಯ ಬೂದಿ ಚೆಲ್ಲಲು ಓಣಿಗೆ ಬಂದವನು ನಮ್ಮ ಕಸದ ಡಬ್ಬಿಯಲ್ಲಿ ಬರೀ ದೇಟು ಬಿದ್ದಿರುವುದನ್ನು ನೋಡಿದ್ದ. ಯಾವತ್ತೂ ನಮ್ಮ ಹೊಸ್ತಿಲ ಹೊರಗೇ ಬೂಟು ಬಿಚ್ಚುತ್ತಿದ್ದವನು ಅವತ್ತು ಕೆಸರು ಬೂಟಿನಲ್ಲೇ ಒಳಗೆ ಬಂದು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡ. ಅವ್ವ ಕಿರುಚಿದಳು. "ಎಲೆ ವಿಷ ಅಂತ ಅವ್ವಾ" ಅಂತ ಆಗ ದಾಟಿಸಿದೆ ನಾನು ಆ ಮಾತನ್ನು, ಹೊಟ್ಟೆಗೆ ಹೋದ ಮೇಲೆ.

ಬೀದಿಯ ಕೊನೆಯ ಟೆಲಿಫೋನ್ ಪೆಟ್ಟಿಗೆಗೆ ಎಪ್ಪತ್ತರ ಹತ್ತಿರದ ಆ ಮನುಷ್ಯ ಓಡಿದ. ಆಸ್ಪತ್ರೆಯಲ್ಲಿ ನನ್ನ ಗಂಟಲು ಉರಿ, ವಾಂತಿ, ಹೊಟ್ಟೆನೋವು ಎಲ್ಲ ಸಾಯಂಕಾಲದ ಹೊತ್ತಿಗೆ ಇಳಿದವು. ಅಪ್ಪನ ಸಿಟ್ಟು ಇಳಿದಿರಲಿಲ್ಲ. ಅಪ್ಪನ ಸಿಟ್ಟು ಅಂದರೆ ವಾರ್ಡಿನ ನರ್ಸುಗಳೂ ಗೋಡೆಗೆ ಸರಿಯುತ್ತಿದ್ದರು. ಅವ್ವ ಮಂಚದ ಕಾಲ ಬಳಿ ಕೂತು ಅಳುತ್ತಿದ್ದಳು, ಅಜ್ಜ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಇವರಿಗೆ ಯಾರೂ ಹೇಳಲಿಲ್ಲವಾ ಅಂತ ಅಪ್ಪ ಇಂಗ್ಲಿಷಿನಲ್ಲಿ ಗುಡುಗಿದರು.

ಅಜ್ಜ ನನ್ನನ್ನು ನೋಡಿದ. ನಾನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಿದ್ದೆ. ಆ ನೋಟ ಒಂದು ಉಸಿರಿನಷ್ಟು ಹೊತ್ತು ಇದ್ದಿರಬಹುದು.

"ನಾನು ಹೇಳಬೇಕಿತ್ತು ಡಾಕ್ಟರೇ. ವಯಸ್ಸಾಯಿತು. ಮರೆತೇಬಿಟ್ಟೆ" ಅಂದ.

ಅಪ್ಪ ಅವನಿಗೆ ಬೈಯಲಿಲ್ಲ, ಪಕ್ಕದ ಮನೆಯ ಮುದುಕ, ಓಡಿ ಬಂದು ಮಗುವನ್ನು ಉಳಿಸಿದವನೂ ಅವನೇ. ಆದರೆ ಅವತ್ತಿನಿಂದ ನಮ್ಮ ಮನೆಯಲ್ಲಿ ಅವನಿಗೆ ಮರೆಗುಳಿ ಅಜ್ಜ ಅಂತ ಹೆಸರು ಬಿತ್ತು. ಅವ್ವನಿಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ. ದೇಟನ್ನೇ ಹಾಕಿ ಪಲ್ಯ ಮಾಡುವುದನ್ನು ಕಲಿತಳು, ಪುಂಡಿಯಷ್ಟೇ ರುಚಿಯಾಗಿತ್ತು. ಪ್ರತೀ ವಸಂತಕ್ಕೂ ಅಜ್ಜ ಎಲೆಗಳನ್ನು ಬುಡದವರೆಗೆ ಕತ್ತರಿಸಿ, ಬರೀ ದೇಟನ್ನು ದಾರದಿಂದ ಕಟ್ಟಿ ನಮ್ಮ ಮೆಟ್ಟಿಲ ಮೇಲೆ ಇಟ್ಟುಹೋಗುತ್ತಿದ್ದ. ಅವ್ವ ಪಲ್ಯ ಮಾಡಿ ಗೋಡೆಯ ಮೇಲಿಂದ ಒಂದು ಬಟ್ಟಲು ಕೊಡುತ್ತಿದ್ದಳು. ಅವನು ಅದನ್ನು ಬ್ರೆಡ್ಡಿನ ಮೇಲೆ ಹಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ತಿನ್ನುತ್ತಿದ್ದ, ಬಟ್ಟಲನ್ನು ತೊಳೆದು ವಾಪಸ್ ಕೊಡುತ್ತಿದ್ದ. ಬೀದಿಯಲ್ಲಿ ನಮ್ಮಷ್ಟು ಹೊಂದಿಕೊಂಡಿದ್ದ ನೆರೆ ಇರಲಿಲ್ಲ.

ಶನಿವಾರಗಳು ಮಾತ್ರ ಹೋದವು.

"ಒಳ್ಳೆಯಂವ ಅದಾನ, ಅಲ್ಲ ಅನ್ನಂಗಿಲ್ಲ. ಆದ್ರ ನೆನಪಿಲ್ಲದ ಮನುಷ್ಯಾ. ರೈಲು ಹಳಿ ಬಾಜೂಕ ನಿನ್ನ ಬಿಟ್ಟು ಮರತು ಬಂದ್ರ ನಾ ಏನ್ ಮಾಡ್ಲಿ" ಅಂತ ಅವ್ವ ನನ್ನನ್ನು ಹೊಲಕ್ಕೆ ಕಳಿಸುವುದನ್ನು ನಿಲ್ಲಿಸಿದಳು. ಅಜ್ಜ ಆದರೂ ಕೇಳುತ್ತಿದ್ದ. ಶನಿವಾರ ಬೆಳಿಗ್ಗೆ ಕೈಗಾಡಿಯನ್ನು ಗೋಡೆಯ ಹತ್ತಿರ ನಿಲ್ಲಿಸಿ, ಹುಡುಗಿ ಬರುತ್ತಾಳಾ ಅಂತ ಅವ್ವನ ಕಡೆ ನೋಡುತ್ತಿದ್ದ. ನಾನು ಅವ್ವನಿಗೆ ಹೇಳುತ್ತಿದ್ದೆ. ಅವ್ವ ಬ್ಯಾಡ ಅನ್ನುತ್ತಿದ್ದಳು. ಅದನ್ನು ನಾನು ಅವನಿಗೆ ಹೇಳುತ್ತಿದ್ದೆ, ಹೋಂವರ್ಕ್ ಇದೆ, ನೆಗಡಿ ಆಗಿದೆ, ಯಾರೋ ಬರುವವರಿದ್ದಾರೆ. ನನ್ನ ತುಟಿ ನೋಡಿ ಅವನು ನಕ್ಕು, "ಆಗಲಿ ಲವ್, ಮುಂದಿನ ವಾರ" ಅಂದು ಗಾಡಿ ತಳ್ಳಿಕೊಂಡು ಹೋಗುತ್ತಿದ್ದ. ನಾನು ಒಂದು ಮಾತು ಆಡಿದ್ದರೆ ಅವನಿಗೆ ಆ ಶನಿವಾರಗಳು ವಾಪಸ್ ಸಿಗುತ್ತಿದ್ದವು. ಇವತ್ತು ಹೇಳೋಣ, ನಾಳೆ ಹೇಳೋಣ... ಅಪ್ಪನ ಮುಖ ನೆನಪಾದರೆ ನಾಲಿಗೆ ಹಿಂದಕ್ಕೆ ಹೋಗುತ್ತಿತ್ತು. ಆಮೇಲೆ ಆಮೇಲೆ ಅಪ್ಪನ ಭಯ ಹೋಯಿತು, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆಯ ಭಯ ಬಂತು.

ತಮ್ಮ ಹುಟ್ಟುವ ಹೊತ್ತಿಗೆ ಅವ್ವ ಆಸ್ಪತ್ರೆ ಸೇರಿದಾಗ, ನಾಲ್ಕು ದಿನ ಹುಡುಗಿ ನನ್ನ ಹತ್ತಿರ ಇರಲಿ ಅಂತ ಅಜ್ಜ ತಾನಾಗಿ ಕೇಳಿದ. ಹಿಂದಿನ ಕೋಣೆಯಲ್ಲಿ ನನಗಾಗಿ ಹಾಸಿಗೆ ಕೂಡ ಹಾಕಿ ಇಟ್ಟಿದ್ದ, ಕಿಟಕಿಯಿಂದ ಕಾಣುತ್ತಿತ್ತು. ನನ್ನನ್ನು ಮೂವತ್ತು ಮೈಲಿ ದೂರದ ಅಪ್ಪನ ಗೆಳೆಯರ ಮನೆಗೆ ಕಳಿಸಿದರು. ಕಾರಿನ ಹಿಂದಿನ ಗಾಜಿನಿಂದ ನೋಡಿದೆ, ಗೇಟಿನ ಹತ್ತಿರ ನಿಂತು ಟೋಪಿ ಎತ್ತಿದ.

ಊರು ಬಿಡುವ ದಿನ ಹದಿನೈದರ ನನಗೆ ಹೇಗೋ ಧೈರ್ಯ ಬಂತು. ಸಾಮಾನೆಲ್ಲ ಹೋಗಿ ಮನೆ ಖಾಲಿಯಾಗಿತ್ತು. ಗೋಡೆಯ ಹತ್ತಿರ ಹೋಗಿ, "ಅಜ್ಜ, ಆ ಎಲೆಯ ವಿಷಯ... ನೀನು ನನಗೆ ಹೇಳಿದ್ದೆ" ಅಂದೆ.

ಅವನು ನನ್ನ ತುಟಿಯನ್ನು ಪೂರ್ತಿ ಓದಿದ. ಓದಿಯೇ, "ಯಾವ ಎಲೆ? ನನಗೆ ಒಂದೂ ನೆನಪಿರುವುದಿಲ್ಲ, ನಿಮ್ಮಮ್ಮನನ್ನು ಕೇಳು ಬೇಕಾದರೆ" ಅಂದ. ಕಣ್ಣು ಮಾತ್ರ ನಗುತ್ತಿತ್ತು. ನನಗೆ ನಗು ಬಂತು, ಅಳುವೂ ಬಂತು. ಅವನಿಗೆ ನನ್ನ ಮೇಲೆ ಎಳ್ಳಷ್ಟೂ ಕೋಪವಿಲ್ಲ ಅನ್ನುವುದು ಅವತ್ತು ತಿಳಿಯಿತು, ಆ ಸಮಾಧಾನ ಇವತ್ತಿಗೂ ನನ್ನ ಜೊತೆಗಿದೆ. ಆದರೆ ಅವ್ವ ಒಳಗೇ ಇದ್ದಳು, ಕೂಗಿದರೆ ಕೇಳಿಸುವಷ್ಟು ಹತ್ತಿರ. ನಾನು ಕೂಗಲಿಲ್ಲ.

ಧಾರವಾಡಕ್ಕೆ ಪ್ರತೀ ಕ್ರಿಸ್‌ಮಸ್‌ಗೆ ಅವನ ಕಾರ್ಡ್ ಬರುತ್ತಿತ್ತು. ತಾರೀಖು ತಪ್ಪುತ್ತಿರಲಿಲ್ಲ, ನನ್ನ ಹುಟ್ಟಿದ ದಿನಕ್ಕೆ ಬೇರೆ ಇನ್ನೊಂದು. ತಮ್ಮನ ಹುಟ್ಟಿದ ದಿನವೂ ಅವನಿಗೆ ಗೊತ್ತಿತ್ತು. ಒಂದು ವರ್ಷ ಎರಡೂ ಬರಲಿಲ್ಲ. ಅವ್ವ, "ಮರತಿರಬೇಕು ಪಾಪ" ಅಂದಳು. ಆ ಬೀದಿಯ ಎದುರು ಮನೆಯವರ ಕಾಗದ ಮಾರ್ಚಿನಲ್ಲಿ ಬಂದಾಗ ಅವನು ತೀರಿಕೊಂಡದ್ದು ತಿಳಿಯಿತು.

ಇಷ್ಟೂ ನೆನಪಾಗುವ ಹೊತ್ತಿಗೆ ಕ್ಯಾಂಟನ್‌ನ ಸಿಂಕಿನಲ್ಲಿ ನಲ್ಲಿ ಹರಿಯುತ್ತಲೇ ಇತ್ತು. ಮಗಳು ಇನ್ನೂ ಮುಖ ಸಿಂಡರಿಸಿಕೊಂಡು ನಿಂತಿದ್ದಳು. ಅವ್ವ ಈ ಕತೆಯನ್ನು ಇಲ್ಲಿಯ ಕನ್ನಡದವರ ಮನೆಗಳ ಊಟಗಳಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದಾಳೋ. ಪ್ರತೀ ಸಲವೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ ನಾನು ಎದ್ದು ನೀರು ತರಲು ಹೋಗುತ್ತಿದ್ದೆ. ಆದರೆ ನನ್ನ ಮಗಳ ಬಾಯಲ್ಲಿ 'ಐ ಹೇಟ್ ಹಿಮ್' ಅಂತ ಕೇಳಿದ ಮೇಲೆ ಇನ್ನು ಸಾಧ್ಯವಾಗಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಅವ್ವನ ಎದುರು ಕೂತು ಎಲ್ಲ ಹೇಳಿದೆ.

ಅವ್ವ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕೊನೆಯ ಎಸಳೂ ಆದ ಮೇಲೆ ಕೇಳಿದಳು, "ಎಷ್ಟು ಸಲ ಹೇಳಿದ್ದ ನಿನಗ?"

"ಒಂದ್ ಸಲ. ನನ್ನ ಕಡೆಯಿಂದಾನೂ ಹೇಳ್ಸಿದ್ದ."

"ಶನಿವಾರ ಶನಿವಾರ ಬಂದು ಕೇಳ್ತಿದ್ದ ಅಂವ" ಅಂದಳು. ಸಿಪ್ಪೆಯನ್ನೆಲ್ಲ ಒಟ್ಟುಮಾಡುತ್ತ, "ನಾ ಬ್ಯಾಡ ಅಂದದ್ದನ್ನ ನೀನೇ ಹೋಗಿ ಹೇಳಿ ಬರ್ತಿದ್ದೆಲ್ಲ. ಹೆಂಗ ಹೇಳ್ತಿದ್ದಿ?" ಅಂದಳು.

ಅವ್ವ ಎದ್ದು ಕೋಣೆಗೆ ಹೋದಳು. ಮಧ್ಯಾಹ್ನ ಎರಡಾದರೂ ಊಟಕ್ಕೆ ಬರಲಿಲ್ಲ. ಬಂದಾಗ ನನ್ನ ಮುಖ ನೋಡದೆ ಪಲ್ಯ ಬಡಿಸಿಕೊಂಡು ಉಂಡಳು, ಮತ್ತೊಂದು ಸಲ ಹಾಕಿಸಿಕೊಂಡಳು. ವಾರವಿಡೀ ಆ ಮಾತು ಎತ್ತಲಿಲ್ಲ.

ಮುಂದಿನ ಭಾನುವಾರ ಪ್ಲಿಮತ್‌ನಲ್ಲಿರುವ ದಾವಣಗೆರೆಯ ಗೆಳತಿಯ ಮನೆಯಲ್ಲಿ ಊಟವಿತ್ತು. ಈದ್ ಕಳೆದು ಎರಡು ದಿನ. ಬೇಸ್‌ಮೆಂಟ್ ತುಂಬ ಜನ, ಬೆಂಗಳೂರಿನಿಂದ ಹೊಸದಾಗಿ ಬಂದ ಒಂದು ಜೋಡಿಯೂ ಇತ್ತು. ಗೆಳತಿ ಅವ್ವನ ಪಕ್ಕ ಬಂದು ಕೂತು, "ಆಂಟಿ, ಆ ಮರೆಗುಳಿ ಅಜ್ಜನ ಕತೆ ಹೇಳ್ರಿ, ಇವ್ರು ಕೇಳಿಲ್ಲ" ಅಂದಳು. ನಾನು ರೂಢಿಯಂತೆ ನೀರಿಗೆ ಅಂತ ಎದ್ದೆ.

"ನೀ ಕೂಡು" ಅಂದಳು ಅವ್ವ. ಕೂತೆ.

ಕತೆ ಶುರುವಾಯಿತು. ಎಲೆ, ಬೇಳೆ, ಒಗ್ಗರಣೆ, ಕೆಸರು ಬೂಟು, ಎಲ್ಲರೂ ನಗುವ ಜಾಗದಲ್ಲಿ ನಕ್ಕರು. ಬೆಂಗಳೂರಿನ ಹುಡುಗಿ, "ಅಯ್ಯೋ, ಅಷ್ಟು ಮುಖ್ಯವಾದ್ದನ್ನ ಹೇಗೆ ಮರೆತ್ರು ಆಂಟಿ ಅವ್ರು?" ಅಂದಳು.

"ಅಂವ ಮರತಿರಲಿಲ್ಲವ್ವಾ" ಅಂದಳು ಅವ್ವ. "ಮರತಾಕಿ ಈಕಿ. ಈಕಿಗೆ ಅಪ್ಪ ಬೈತಾನಂತ ಅಂವ ತನ್ನ ಮ್ಯಾಲೆ ಹಾಕ್ಕೊಂಡ. ಎಂಟು ವರ್ಷ ನನ್ನ ಮುಂದ ಮರೆಗುಳಿಯಾಗಿ ನಿಂತ. ನಾ ನನ್ನ ಮಗಳನ್ನ ಅವನ ಜೋಡಿ ಕಳಸಲಿಲ್ಲ."

ಕೆಲವರು ನಕ್ಕರು, ನಕ್ಕು ಅರ್ಧಕ್ಕೆ ನಿಲ್ಲಿಸಿದರು. ಗೆಳತಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ಮೂಲೆಯಲ್ಲಿ ಮಕ್ಕಳ ಜೊತೆ ಆಡುತ್ತಿದ್ದ ನನ್ನ ಮಗಳು ಅಜ್ಜಿಯನ್ನೇ ನೋಡುತ್ತಿದ್ದಳು. ನನಗೆ ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಅದಕ್ಕಿಂತ ಹೆಚ್ಚಾಗಿ ಹಗುರ ಅನ್ನಿಸಿತು.

ಅಜ್ಜನಿಗೆ ಬರದ ಭಾಷೆಯಲ್ಲಿ, ಅವನನ್ನು ಕಾಣದ ಜನರ ಮುಂದೆ, ಅವ್ವ ಅವನ ನೆನಪಿನ ಶಕ್ತಿಯನ್ನು ಅವನಿಗೆ ವಾಪಸ್ ಕೊಟ್ಟಳು. ಅವನಿಗೆ ಬೇಕಾಗಿದ್ದದ್ದು ಅದಲ್ಲ. ಶನಿವಾರ ಕೈಗಾಡಿಯಲ್ಲಿ ಒಂದು ಹುಡುಗಿ ಬೇಕಾಗಿತ್ತು. ಅದನ್ನು ನಾನು ಕೊಡಬಹುದಾಗಿದ್ದಾಗ ಕೊಡಲಿಲ್ಲ, ಈಗ ಕೊಡೋಣ ಅಂದರೆ ಅವನಿಲ್ಲ.

ಮನೆಗೆ ಡ್ರೈವ್ ಮಾಡಿಕೊಂಡು ಬರುವಾಗ ಅವ್ವ ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದಳು. ಅರ್ಧ ದಾರಿಯಲ್ಲಿ, "ಅವನ ಹೆಸರೇನಿತ್ತಲೇ?" ಅಂತ ಕೇಳಿದಳು. ಹನ್ನೊಂದು ವರ್ಷ ಗೋಡೆ ಹಂಚಿಕೊಂಡವನ ಹೆಸರು ಅವಳಿಗೆ ಗೊತ್ತಿರಲಿಲ್ಲ, ನಾನು ಯಾವತ್ತೂ ದಾಟಿಸಿರಲಿಲ್ಲ. ಹೇಳಿದೆ. ಅವ್ವ ಅದನ್ನು ಎರಡು ಸಲ ತನ್ನ ಬಾಯಲ್ಲಿ ಅಂದು ನೋಡಿದಳು. ಮೂರನೇ ಸಲ ಮಗಳು ಉಚ್ಚಾರ ತಿದ್ದಿದಳು.